ತಂತಿ ಇದ್ದರೂ ಕರೆಂಟು ಏಕೆ ಬಾರದು?

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ಆಸುಪಾಸಿನಲ್ಲಾಗಲಿ, ಸೇಡಂ-ಚಿತ್ತಾಪುರದ ಹೊಲಗಳಲ್ಲಾಗಲಿ, ಬೇಸಿಗೆ ಬಂತೆಂದರೆ ಒಂದು ಮಾತು ಕಿವಿಗೆ ಬೀಳುವುದು ಹೊಸದಲ್ಲ: "ಕರೆಂಟ್ ಅದ, ಖರೆ ಮೋಟಾರ್ ಏಳವಲ್ದು." ಬಲ್ಬು ಕೆಂಪಗೆ ಉರಿಯುತ್ತಿರುತ್ತದೆ, ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಎಣಿಸಬಹುದು. ಪರೀಕ್ಷೆಗೆ ಓದಲು ಕುಳಿತ ಮಗಳು "ಅಪ್ಪಾ, ರಾಯಚೂರಿನಾಗ ಅಷ್ಟು ದೊಡ್ಡ ಪವರ್ ಹೌಸ್ ಅದ, ಇನ್ನಾ ದಪ್ಪ ತಂತಿ ಎಳೆದ್ರ ಆಗಂಗಿಲ್ಲೇನು?" ಎಂದು ಕೇಳಿದರೆ ಅಪ್ಪನಿಗೆ ಉತ್ತರ ಹೊಳೆಯುವುದಿಲ್ಲ. ಪ್ರಶ್ನೆ ಸಣ್ಣದೇನಲ್ಲ. ದೇಶದ ವಿದ್ಯುಜ್ಜಾಲವನ್ನು ನಡೆಸುವ ಇಂಜಿನಿಯರುಗಳು ದಿನಬೆಳಗಾದರೆ ಎದುರಿಸುವ ಪ್ರಶ್ನೆಯೇ ಇದು.

ತಂತಿಯಲ್ಲಿ ಹೆಚ್ಚು ಕರೆಂಟು ಹರಿದರೆ ಅದು ಕಾಯುತ್ತದೆ, ಜೋತು ಬೀಳುತ್ತದೆ. ಈ ಮಿತಿ ಎಲ್ಲರಿಗೂ ಗೊತ್ತು, ದಪ್ಪ ತಂತಿ ಇದಕ್ಕೆ ಮದ್ದು. ಆದರೆ ಈ ಮಿತಿ ಮೊದಲು ಅಡ್ಡ ಬರುವುದು ಸುಮಾರು 80 ಕಿಲೋಮೀಟರಿನೊಳಗಿನ ಗಿಡ್ಡ ಮಾರ್ಗಗಳಲ್ಲಿ ಮಾತ್ರ. ಮಾರ್ಗ ಉದ್ದವಾದಂತೆ ತಂತಿ ಇನ್ನೂ ತಣ್ಣಗಿರುವಾಗಲೇ ವೋಲ್ಟೇಜು ಕೈ ಕೊಡುತ್ತದೆ. ಇನ್ನೂ ಉದ್ದವಾದರೆ, ಸುಮಾರು 300 ಕಿಲೋಮೀಟರು ದಾಟಿದ ಮೇಲೆ, 'ಕೋನ' ಎಂಬ ಮೂರನೆಯ ಮಿತಿ ಮುಂದೆ ಬಂದು ನಿಲ್ಲುತ್ತದೆ.

ವೋಲ್ಟೇಜಿನ ಮಿತಿಯನ್ನು ತಿಳಿಯಲು ಹತ್ತನೆಯ ತರಗತಿಯ ಓಮನ ನಿಯಮ ಸಾಕು. 12 ವೋಲ್ಟಿನ ಬ್ಯಾಟರಿಯೇ ವಿದ್ಯುದಾಗರವೆನ್ನೋಣ. ಪ್ರಸಾರ ಮಾರ್ಗದ ರೋಧ 1 ಓಮ್. ಊರಿನ ಹೊರೆಯ ರೋಧ 3 ಓಮ್ ಇದ್ದರೆ ಹರಿಯುವ ಕರೆಂಟು 3 ಆಂಪಿಯರ್. ಊರಿಗೆ ಸಿಗುವುದು 9 ವೋಲ್ಟ್, ಅಂದರೆ 27 ವಾಟ್. ಊರಿನವರು ಇನ್ನಷ್ಟು ಬಲ್ಬು ಹಚ್ಚಿದರು, ಹೊರೆಯ ರೋಧ 1 ಓಮಿಗೆ ಇಳಿಯಿತು. ಈಗ ಕರೆಂಟು 6 ಆಂಪಿಯರ್, ವೋಲ್ಟೇಜು 6, ಶಕ್ತಿ 36 ವಾಟ್. ಪರವಾಗಿಲ್ಲ, ವೋಲ್ಟೇಜು ಇಳಿದರೂ ಶಕ್ತಿ ಹೆಚ್ಚಿತು. ಮತ್ತಷ್ಟು ಬಲ್ಬು ಹಚ್ಚಿ ರೋಧವನ್ನು ಅರ್ಧ ಓಮಿಗೆ ಇಳಿಸಿದರೆ? ಕರೆಂಟು 8 ಆಂಪಿಯರಿಗೆ ಏರುತ್ತದೆ, ವೋಲ್ಟೇಜು 4ಕ್ಕೆ ಕುಸಿಯುತ್ತದೆ, ಸಿಗುವ ಶಕ್ತಿ 32 ವಾಟ್! ಹೆಚ್ಚು ಕೇಳಿದ್ದಕ್ಕೆ ಕಡಿಮೆ ಸಿಕ್ಕಿತು. 36 ವಾಟ್ ಎಂಬುದು ಆ ಮಾರ್ಗದ ಶಿಖರ. ಅದನ್ನು ದಾಟಿ ಎಷ್ಟು ಬೇಡಿದರೂ ಇಳಿಜಾರೇ. ತಂತಿ ಕಡಿದಿಲ್ಲ, ಬ್ಯಾಟರಿ ಕೆಟ್ಟಿಲ್ಲ ಎಂಬುದನ್ನು ಗಮನಿಸಬೇಕು.

ನಿಜವಾದ ಪ್ರಸಾರ ಮಾರ್ಗದಲ್ಲಿ ಹರಿಯುವುದು ಪರ್ಯಾಯ ವಿದ್ಯುತ್ತು. ಅಲ್ಲಿ ರೋಧಕ್ಕಿಂತ ದೊಡ್ಡ ಅಡ್ಡಿ, ತಂತಿಯ ಸುತ್ತ ಹುಟ್ಟಿ ಅಳಿಯುತ್ತಿರುವ ಕಾಂತಕ್ಷೇತ್ರದ್ದು. ಇದಕ್ಕೆ ರಿಯಾಕ್ಟೆನ್ಸ್ ಎಂದು ಹೆಸರು. ಮಾರ್ಗ ಉದ್ದವಾದಷ್ಟೂ ಇದು ಹೆಚ್ಚು. ತಂತಿಯನ್ನು ದಪ್ಪ ಮಾಡಿದ ಮಾತ್ರಕ್ಕೆ ಅಷ್ಟಾಗಿ ತಗ್ಗದು. ಮಗಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಹೊರೆ ಬರೀ ಬಲ್ಬಾಗಿದ್ದರೆ ಚಿಂತೆ ಕಡಿಮೆ. ವೋಲ್ಟೇಜು ಇಳಿದಾಗ ಬಲ್ಬು ತಾನೇ ಕಡಿಮೆ ಉಣ್ಣುತ್ತದೆ. ಮೋಟಾರು ಹಾಗಲ್ಲ. ನೀರೆತ್ತುವ ಪಂಪು, ಶಹಾಬಾದ್ ಕಲ್ಲು ಕೊಯ್ಯುವ ಯಂತ್ರ, ವಾಡಿ-ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಬೀಸುವ ಗಿರಣಿ ಎಲ್ಲಕ್ಕೂ ಮಾಡುವ ಕೆಲಸ ಅಷ್ಟೇ ಇರುತ್ತದೆ. ವೋಲ್ಟೇಜು ಇಳಿದರೆ ಓಡುತ್ತಿರುವ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಅದರಿಂದ ವೋಲ್ಟೇಜು ಇನ್ನಷ್ಟು ಇಳಿಯುತ್ತದೆ. ನಿಂತ ಮೋಟಾರಿನ ಪಾಡು ಬೇರೆ. ಅದರ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 415 ವೋಲ್ಟ್ ಇರಬೇಕಾದಲ್ಲಿ 300 ಬಂದರೆ ಬಲ ಹೆಚ್ಚು ಕಡಿಮೆ ಅರ್ಧಕ್ಕಿಳಿಯುತ್ತದೆ. ಮೋಟಾರು ಏಳುವುದಿಲ್ಲ, ಗುಂಯ್ ಎನ್ನುತ್ತ ಕಾಯುತ್ತದೆ. ರೈತನ ಮುಂದಿನ ದಾರಿ ರಿವೈಂಡಿಂಗ್ ಅಂಗಡಿಗೆ.

ಮೋಟಾರಿಗೆ ಇನ್ನೊಂದು ಹಸಿವೂ ಉಂಟು. ತನ್ನೊಳಗಿನ ಕಾಂತಕ್ಷೇತ್ರಕ್ಕಾಗಿ ಅದು ಸೆಕೆಂಡಿಗೆ 100 ಸಲ ಶಕ್ತಿಯನ್ನು ಪಡೆದು ಮರಳಿಸುತ್ತದೆ. ಇದನ್ನು ರಿಯಾಕ್ಟಿವ್ ಪವರ್ ಎನ್ನುತ್ತಾರೆ. ಕಲಬುರಗಿ-ಸೇಡಂ ಬಸ್ಸಿನಲ್ಲಿ ಎಲ್ಲಿಯೂ ಇಳಿಯದೆ ಬರೀ ಹೋಗಿ ಬಂದು ಮಾಡುವವರನ್ನು ಊಹಿಸಿಕೊಳ್ಳಿ. ಊರಿಗೆ ಅವರಿಂದ ಕೆಲಸವಿಲ್ಲ, ಸೀಟು ಮಾತ್ರ ತುಂಬಿರುತ್ತದೆ. ಈ ಶಕ್ತಿಯನ್ನು ದೂರದಿಂದ ತರಿಸಿದರೆ ದಾರಿಯಲ್ಲಿ ವೋಲ್ಟೇಜು ನೆಲ ಕಚ್ಚುತ್ತದೆ. ಆದ್ದರಿಂದ ಅದನ್ನು ಮೋಟಾರಿನ ಪಕ್ಕದಲ್ಲೇ ಒದಗಿಸಬೇಕು. ಪಂಪ್‌ಸೆಟ್ಟಿನ ಡಬ್ಬಿಯಲ್ಲಿ ಕೂರಿಸುವ ಪುಟ್ಟ ಕೆಪ್ಯಾಸಿಟರಿನ ಕೆಲಸ ಇದೇ. ಕೆಟ್ಟದ್ದನ್ನು ಕಿತ್ತೆಸೆದು ನೇರವಾಗಿ ತಂತಿ ಜೋಡಿಸಿಕೊಳ್ಳುವ ರೂಢಿ ಹಳ್ಳಿಗಳಲ್ಲಿದೆ. ಮೋಟಾರೇನೋ ಓಡುತ್ತದೆ, ನಷ್ಟ ಅದೇ ಟಿ.ಸಿ.ಯ ಮೇಲಿರುವ ನೆರೆಯವನಿಗೂ ಹಂಚಿಹೋಗುತ್ತದೆ.

ಹಳ್ಳಿಯಲ್ಲಾಗುವುದು ಮಹಾನಗರದಲ್ಲೂ ಆಗಬಹುದು. 1987ರ ಜುಲೈ 23ರಂದು ಟೋಕಿಯೋದಲ್ಲಿ ಸುಡುಬಿಸಿಲು. ಊಟದ ಬಿಡುವು ಮುಗಿದು ಒಂದು ಗಂಟೆಗೆ ಕಚೇರಿಗಳು ಮತ್ತೆ ತೆರೆದವು, ಹವಾನಿಯಂತ್ರಕಗಳು ಒಟ್ಟಿಗೆ ಎದ್ದವು. ಹೊರೆ ನಿಮಿಷಕ್ಕೆ 400 ಮೆಗಾವಾಟಿನಂತೆ ಏರತೊಡಗಿತು. ಇದ್ದಬದ್ದ ಕೆಪ್ಯಾಸಿಟರುಗಳನ್ನೆಲ್ಲ ಜೋಡಿಸಿದರೂ ವೋಲ್ಟೇಜು ಇಳಿಯುತ್ತಲೇ ಹೋಗಿ, ಕೊನೆಗೆ 8,000 ಮೆಗಾವಾಟಿಗೂ ಮಿಕ್ಕಿದ ಹೊರೆ ಕಳಚಿತು. ಸುಮಾರು 28 ಲಕ್ಷ ಮನೆಗಳಲ್ಲಿ ಕರೆಂಟು ಹೋಯಿತು.

ಇನ್ನು ಕೋನದ ಮಾತು. ಒಂದು ಜಾಲಕ್ಕೆ ಸೇರಿದ ಜನರೇಟರುಗಳೆಲ್ಲ ಒಂದೇ ತಾಳದಲ್ಲಿ ತಿರುಗಬೇಕು. ಭಾರತದಲ್ಲಿ ಆ ತಾಳ ಸೆಕೆಂಡಿಗೆ 50 ಆವರ್ತ. ತಾಳ ಒಂದೇ ಆದರೂ ವಿದ್ಯುತ್ತು ಕಳಿಸುವ ತುದಿ ಪಡೆಯುವ ತುದಿಗಿಂತ ಸ್ವಲ್ಪ ಮುಂದಿರುತ್ತದೆ. ಆ ಮುಂದಿರುವಿಕೆಯನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ಇದನ್ನು ಶಾಲೆಯಲ್ಲಿ ಮಾಡಿ ನೋಡಬಹುದು. ಹಳೆಯ ಸೈಕಲ್ಲಿನ ಎರಡು ಗಾಲಿಗಳನ್ನು ಎದುರುಬದುರಾಗಿ, ಒಂದಕ್ಕೊಂದು ಹತ್ತಿರವಾಗಿ, ಒಂದೇ ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುವಂತೆ ಕೂರಿಸಿ, ಒಂದರ ಅಂಚಿನಿಂದ ಇನ್ನೊಂದರ ಅಂಚಿಗೆ ರಬ್ಬರ್ ಪಟ್ಟಿ ಕಟ್ಟಬೇಕು. ಒಂದು ಗಾಲಿ ತಿರುಗಿಸಿದರೆ ಇನ್ನೊಂದು ಹಿಂಬಾಲಿಸುತ್ತದೆ. ಹಿಂದಿನ ಗಾಲಿಯನ್ನು ಕೈಯಿಂದ ತಡೆದಷ್ಟೂ ನಡುವಿನ ಕೋನ ಹಿಗ್ಗುತ್ತದೆ, ರಬ್ಬರ್ ಬಿಗಿಯುತ್ತದೆ, ಎಳೆತ ಹೆಚ್ಚುತ್ತದೆ. ಆದರೆ 90 ಡಿಗ್ರಿಯ ಆಸುಪಾಸು ದಾಟಿದ ಮೇಲೆ ವಿಚಿತ್ರ: ರಬ್ಬರ್ ಮತ್ತಷ್ಟು ಬಿಗಿದರೂ ಅದರ ಎಳೆತ ಅಚ್ಚಿನ ಕಡೆಗೇ ವಾಲುವುದರಿಂದ ಗಾಲಿಯನ್ನು ತಿರುಗಿಸುವ ಬಲ ಕುಗ್ಗುತ್ತದೆ. 180 ಡಿಗ್ರಿಗೆ ಆ ಬಲ ಸೊನ್ನೆ. ಹಿಂದಿನ ಗಾಲಿ ಕೈತಪ್ಪಿ ಉಳಿದುಬಿಡುತ್ತದೆ.

ಪಿಯುಸಿ ವಿದ್ಯಾರ್ಥಿಗಳಿಗಾಗಿ ಇದನ್ನೇ ಸೂತ್ರದಲ್ಲಿ ಹೇಳುವುದಾದರೆ, ಸಾಗುವ ಶಕ್ತಿ ಎಂದರೆ ಎರಡೂ ತುದಿಗಳ ವೋಲ್ಟೇಜುಗಳ ಗುಣಲಬ್ಧವನ್ನು ರಿಯಾಕ್ಟೆನ್ಸಿನಿಂದ ಭಾಗಿಸಿ, ಕೋನದ ಸೈನ್‌ನಿಂದ ಗುಣಿಸಿದ್ದು. 30 ಡಿಗ್ರಿಯ ಸೈನ್ ಅರ್ಧ. ಅಂದರೆ ಅಲ್ಲಿಗೆ ನಿಂತರೆ ಅರ್ಧ ಶಕ್ತಿ ಕೈಯಲ್ಲಿ ಉಳಿದಿರುತ್ತದೆ, ಮತ್ತು ಉಳಿದಿರಲೇಬೇಕು. ಎಲ್ಲೋ ಸಿಡಿಲು ಬಡಿದು ಒಂದು ಮಾರ್ಗ ಕಳಚಿದರೆ ಅದರ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ, ಕೋನಗಳು ಒಮ್ಮೆಲೇ ಹಿಗ್ಗಿ ತೂಗಾಡುತ್ತವೆ. ಆಗ ದಾಟಲು ಜಾಗ ಬೇಕು. ಸೂತ್ರದಲ್ಲಿ ವೋಲ್ಟೇಜು ಎರಡು ಸಲ ಬಂದಿರುವುದನ್ನೂ ನೋಡಿರಬಹುದು. 400 ಕಿಲೋವೋಲ್ಟಿನ ಬದಲು 765 ಕಿಲೋವೋಲ್ಟಿನಲ್ಲಿ ಕಳಿಸಿದರೆ ಅದೇ ರಿಯಾಕ್ಟೆನ್ಸಿನಲ್ಲಿ ಮಿತಿ ಮೂರೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ಜಾಗ ಸಾಲದೆ ಹೋದರೆ ಏನಾಗುತ್ತದೆಂಬುದು 2012ರ ಜುಲೈ 30ರ ನಡುರಾತ್ರಿಯ ನಂತರ ಕಂಡಿತು. ಬೀನಾ-ಗ್ವಾಲಿಯರ್ ನಡುವಿನ 400 ಕಿಲೋವೋಲ್ಟಿನ ಒಂದು ಮಾರ್ಗ ಕಳಚಿತು. ತಂತಿಯಲ್ಲಿ ದೋಷವಿರಲಿಲ್ಲ, ಅತಿಯಾದ ಹೊರೆಯನ್ನೇ ರಕ್ಷಣಾ ರಿಲೇ ದೋಷವೆಂದು ತಿಳಿಯಿತು. ಪಶ್ಚಿಮದಿಂದ ಉತ್ತರಕ್ಕೆ ಹೋಗುತ್ತಿದ್ದ ವಿದ್ಯುತ್ತು ಪೂರ್ವವನ್ನು ಸುತ್ತಿಕೊಂಡು ಹೋಗತೊಡಗಿತು. ದಾರಿ ಉದ್ದ, ರಿಯಾಕ್ಟೆನ್ಸ್ ಹೆಚ್ಚು, ಕೋನ ದೊಡ್ಡದು. ತೂಗಾಟ ಶುರುವಾಗಿ ಒಂದೊಂದೇ ಮಾರ್ಗ ಕಳಚಿ ಉತ್ತರ ಭಾರತ ಕತ್ತಲಾಯಿತು. ಮಾರನೆಯ ದಿನ ಮಧ್ಯಾಹ್ನ ಮತ್ತೆ ಕುಸಿದಾಗ ಉತ್ತರ, ಪೂರ್ವ, ಈಶಾನ್ಯ ಮೂರೂ ಹೋದವು. ಸುಮಾರು 60 ಕೋಟಿ ಜನ ಇದ್ದ ಪ್ರದೇಶ.

ಕರ್ನಾಟಕದಲ್ಲಿ ಮಾತ್ರ ದೀಪ ಆರಲಿಲ್ಲ. ಆಗ ದಕ್ಷಿಣದ ಜಾಲ ಬೇರೆಯಾಗಿಯೇ ತನ್ನ ತಾಳದಲ್ಲಿ ತಿರುಗುತ್ತಿತ್ತು. ಉಳಿದ ಭಾರತದೊಡನೆ ಅದರ ದೊಡ್ಡ ನಂಟುಗಳೆಲ್ಲ ನೇರ ವಿದ್ಯುತ್ತಿನವು: ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 2003ರಲ್ಲಿ ಬಂದ ಮಾರ್ಗ, ಮಹಾರಾಷ್ಟ್ರದ ಭದ್ರಾವತಿಯ ಕೇಂದ್ರ (ಇದು ನಮ್ಮ ಕಬ್ಬಿಣದ ಭದ್ರಾವತಿಯಲ್ಲ), ಆಂಧ್ರದ ಗಾಜುವಾಕ. ನೇರ ವಿದ್ಯುತ್ತಿಗೆ ಕೋನದ ಗೊಡವೆ ಇಲ್ಲ, ಅದು ತೂಗಾಟವನ್ನು ಆಚೆ ದಾಟಿಸುವುದಿಲ್ಲ. ಆದರೆ ಉಳಿಸಿದ ಗೋಡೆಯೇ ಕೊರತೆಗೂ ಕಾರಣವಾಗಿತ್ತು. ಪೂರ್ವದಲ್ಲಿ ವಿದ್ಯುತ್ತು ಮಿಕ್ಕಿದ್ದಾಗಲೂ ಈ ಕೆಲವೇ ಬಾಗಿಲುಗಳಲ್ಲಿ ಹಿಡಿಸಿದಷ್ಟೇ ದಕ್ಷಿಣಕ್ಕೆ ಬರಬೇಕಿತ್ತು. ಮಾರ್ಚಿ ತಿಂಗಳ ಪರೀಕ್ಷೆಯ ಹೊತ್ತಿಗೇ ಲೋಡ್ ಶೆಡ್ಡಿಂಗ್ ನೋಡಿದ ತಂದೆ-ತಾಯಿಗಳಿಗೆ ಆ ವರ್ಷಗಳು ನೆನಪಿರುತ್ತವೆ. ಇನ್ನೊಂದು ಸ್ಥಾವರ ಕಟ್ಟಿದರೆ ಎಲ್ಲ ಸರಿಹೋದೀತೆಂಬ ಭರವಸೆ ಆಗ ಬೇಕಾದಷ್ಟು ಕೇಳಿಬಂತು. ತಂತಿಯ ಮಾತು ಎತ್ತಿದವರು ಕಡಿಮೆ.

ಗೋಡೆಯಲ್ಲಿ ಬಾಗಿಲು ಕೊರೆದದ್ದು ಈ ಸೀಮೆಯ ಪಕ್ಕದಲ್ಲೇ. ವಾಡಿ ಜಂಕ್ಷನ್ನಿನಲ್ಲಿ ನಿಂತರೆ ರೈಲು ಒಂದು ಕಡೆ ರಾಯಚೂರಿಗೆ ಹೋಗುತ್ತದೆ, ಇನ್ನೊಂದು ಕಡೆ ಶಹಾಬಾದ್, ಕಲಬುರಗಿ ದಾಟಿ ಸೊಲ್ಲಾಪುರಕ್ಕೆ. ಅದೇ ರಾಯಚೂರು-ಸೊಲ್ಲಾಪುರಗಳ ನಡುವೆ 765 ಕಿಲೋವೋಲ್ಟಿನ, 200 ಕಿಲೋಮೀಟರಿಗೂ ಹೆಚ್ಚು ಉದ್ದದ ಮಾರ್ಗವನ್ನು 2013ರ ಡಿಸೆಂಬರ್ 31ರ ರಾತ್ರಿ ಜೋಡಿಸಲಾಯಿತು. ಎರಡು ಕಡೆಯ ತಾಳ, ವೋಲ್ಟೇಜು, ಕೋನ ಹೊಂದಿಕೆಯಾದ ಕ್ಷಣ ನೋಡಿ ಸ್ವಿಚ್ಚು ಮುಚ್ಚಬೇಕು. ಅಂದಿನಿಂದ ಇಡೀ ದೇಶ ಒಂದೇ ಆವರ್ತದಲ್ಲಿ ತಿರುಗುತ್ತಿದೆ.

ಆದರೂ ತಂತಿ ತಾಳಬಲ್ಲಷ್ಟನ್ನು ಮೊದಲ ದಿನವೇ ಹರಿಸಲಿಲ್ಲ. ಅದರ ಒಂದು ಅಲ್ಪ ಪಾಲನ್ನು ಮಾತ್ರ ಹರಿಸಿದರು. ಎರಡು ಭಾರಿ ಜಾಲಗಳ ನಡುವೆ ಒಂದೇ ಎಳೆ. ಸೈಕಲ್ ಗಾಲಿಗಳ ಬದಲು ಎರಡು ತೇರಿನ ಗಾಲಿಗಳನ್ನು ಅದೇ ರಬ್ಬರ್ ಪಟ್ಟಿಯಿಂದ ಕಟ್ಟಿದಂತೆ. 2014ರಲ್ಲಿ ಎರಡನೆಯ ಮಾರ್ಗ ಬಂತು, ಮುಂದೆ ಇನ್ನೂ ಹಲವು ಎಳೆಗಳು ಸೇರಿದವು. ಛತ್ತೀಸಗಢದ ರಾಯಗಢದಿಂದ ತಮಿಳುನಾಡಿನ ಪುಗಳೂರಿಗೆ 6,000 ಮೆಗಾವಾಟ್ ಸಾಮರ್ಥ್ಯದ ನೇರ ವಿದ್ಯುತ್ ಮಾರ್ಗ 2021ರಲ್ಲಿ ಪೂರ್ಣಗೊಂಡಿತು. ಈಗ ದೇಶದ ದೊಡ್ಡ ಉಪಕೇಂದ್ರಗಳಲ್ಲಿ ಕೋನವನ್ನು ಉಪಗ್ರಹದ ಗಡಿಯಾರಕ್ಕೆ ಹೊಂದಿಸಿ ಸೆಕೆಂಡಿಗೆ ಹಲವು ಬಾರಿ ಅಳೆಯುವ ಉಪಕರಣಗಳಿವೆ. ಬೆಂಗಳೂರಿನಲ್ಲಿರುವ ದಕ್ಷಿಣ ಪ್ರಾದೇಶಿಕ ಹೊರೆ ರವಾನೆ ಕೇಂದ್ರದಲ್ಲಿ ಕುಳಿತ ಇಂಜಿನಿಯರು, ಜಾಲದ ಒಂದು ತುದಿ ಇನ್ನೊಂದಕ್ಕಿಂತ ಎಷ್ಟು ಡಿಗ್ರಿ ಮುಂದಿದೆ ಎಂಬುದನ್ನು ಪರದೆಯ ಮೇಲೆ ಹಗಲು ರಾತ್ರಿ ನೋಡುತ್ತಿರುತ್ತಾರೆ.