ದೂರದ ಬೆಟ್ಟವೂ ಬೈಸಿಕಲ್ಲೂ

ಹುಮನಾಬಾದಿನ ಬಯಲಿನಲ್ಲಿ ಬೈಸಿಕಲ್ಲು ಕಲಿತವನಿಗೆ ಘಟ್ಟವೆಂದರೇನೆಂಬುದು ಬೇಗನೆ ತಿಳಿಯುವುದಿಲ್ಲ. ಮಾಣಿಕನಗರಕ್ಕೆ ಹೋಗಿ ಪ್ರಭುಗಳ ಸಮಾಧಿಗೆ ಕೈಮುಗಿದು ಬರಬಹುದು. ಸೊಲ್ಲಾಪುರದ ಹೆದ್ದಾರಿ ಹಿಡಿದು ಬಸವಕಲ್ಯಾಣದವರೆಗೂ ತುಳಿಯಬಹುದು. ಅವನನ್ನು ದಣಿಸುವುದು ಬಿಸಿಲು ಮತ್ತು ಎದುರುಗಾಳಿಯೇ ಹೊರತು ಏರುದಾರಿಯಲ್ಲ. ಆದರೂ ಹುಮನಾಬಾದ್ ಸಮುದ್ರಮಟ್ಟಕ್ಕಿಂತ ಸುಮಾರು 640 ಮೀಟರ್ ಎತ್ತರದಲ್ಲಿದೆ. ಹದಿನಾಲ್ಕು ಕಡಿದಾದ ತಿರುವುಗಳಿಗೆ ಹೆಸರಾದ ಆಗುಂಬೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೆ! ದಖ್ಖನಿನ ಪ್ರಸ್ಥಭೂಮಿ ತನ್ನ ಎತ್ತರವನ್ನು ನೂರಾರು ಮೈಲಿಗಳ ಮೇಲೆ ಹಂಚಿ ಹಾಸಿದೆ; ಆಗುಂಬೆಯಾದರೋ ಅದನ್ನು ಕೆಲವೇ ಮೈಲಿಗಳಲ್ಲಿ ವಸೂಲು ಮಾಡುತ್ತದೆ. ಮನುಷ್ಯನನ್ನು ಬಳಲಿಸುವುದು ಎತ್ತರಕ್ಕಿಂತ ಹೆಚ್ಚಾಗಿ ಅದನ್ನು ಏರುವ ಅವಸರ.

ಸವಾರ, ಬೈಸಿಕಲ್ಲು, ಗಂಟುಮೂಟೆ ಎಲ್ಲ ಸೇರಿ 90 ಕಿಲೋಗ್ರಾಂ ತೂಗುವುದೆಂದು ಎಣಿಸೋಣ. ಅಷ್ಟು ಭಾರವನ್ನು 600 ಮೀಟರ್ ಮೇಲೆತ್ತಲು ಬೇಕಾದ ಕೆಲಸ ಸುಮಾರು 126 ಕಿಲೋಕ್ಯಾಲೊರಿ. ಆದರೆ ನಮ್ಮ ಸ್ನಾಯುಗಳು ಉಂಡ ಅನ್ನದ ಸತ್ವದಲ್ಲಿ ನಾಲ್ಕನೆಯ ಒಂದು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು. ಉಳಿದುದು ಬೆವರಿನೊಡನೆ ಶಾಖವಾಗಿ ಹೋಗುತ್ತದೆ. ಆದ್ದರಿಂದ ದೇಹ ತೆರಬೇಕಾದ ಬೆಲೆ 500 ಕಿಲೋಕ್ಯಾಲೊರಿ, ಎಂದರೆ ನಾಲ್ಕು ಜೋಳದ ರೊಟ್ಟಿಗಳಷ್ಟು.

ಈ ಋಣವನ್ನು ಹಗುರಗೊಳಿಸುವುದು ಗೇರು. ಹಳೆಯ ಮಾದರಿಯ ಬೈಸಿಕಲ್ಲಿನ ಮುಂದಿನ ಹಲ್ಲುಗಾಲಿಯಲ್ಲಿ 44, ಹಿಂದಿನದರಲ್ಲಿ 18 ಹಲ್ಲುಗಳಿದ್ದರೆ ಪೆಡಲಿನ ಒಂದೊಂದು ಸುತ್ತಿಗೆ ಅದು ಐದು ಮೀಟರಿಗೂ ಹೆಚ್ಚು ಮುಂದೆ ಸಾಗುತ್ತದೆ. ಬಯಲಿಗೆ ಇದು ಸೊಗಸು, ಘಟ್ಟಕ್ಕೆ ಶಿಕ್ಷೆ. ಮುಂದೆ ಹಿಂದೆ ಸಮನಾದ ಹಲ್ಲುಗಳಿರುವ ಗೇರಿನಲ್ಲಾದರೆ ಸುತ್ತಿಗೆ ಎರಡೇ ಮೀಟರ್. ಒತ್ತಡ ಕಡಿಮೆ, ಸುತ್ತುಗಳು ಹೆಚ್ಚು. ಬೆಟ್ಟ ಸಾಲವನ್ನು ಮನ್ನಾ ಮಾಡುವುದಿಲ್ಲ. ಕಂತಿನಲ್ಲಿ ತೀರಿಸಲು ಮಾತ್ರ ಒಪ್ಪುತ್ತದೆ.

1910ರಲ್ಲಿ ಫ್ರಾನ್ಸಿನ ಮಹಾ ಬೈಸಿಕಲ್ ಸ್ಪರ್ಧೆ ಮೊತ್ತಮೊದಲು ಪಿರನೀಸ್ ಪರ್ವತಗಳ 2,115 ಮೀಟರ್ ಎತ್ತರದ ಟೂರ್ಮಲೆ ಕಣಿವೆದಾರಿಯನ್ನು ದಾಟಿದಾಗ ಸವಾರರಿಗೆ ಇಂದಿನ ಗೇರುಗಳ ಸೌಕರ್ಯವಿರಲಿಲ್ಲ. ಆ ಸ್ಪರ್ಧೆಯಲ್ಲಿ ಅವುಗಳಿಗೆ ಅನುಮತಿ ದೊರೆತದ್ದೇ 1937ರಲ್ಲಿ. ಗುಸ್ತಾವ್ ಗಾರಿಗು ಎಂಬಾತ ಕೆಳಗಿಳಿಯದೆ ಕಣಿವೆಯನ್ನು ಏರಿ ಬಹುಮಾನ ಪಡೆದ. ಒಕ್ಟಾವ್ ಲಪೀಜ್ ಅಲ್ಲಲ್ಲಿ ಇಳಿದು ಬೈಸಿಕಲ್ಲನ್ನು ತಳ್ಳಿಕೊಂಡು ನಡೆದ. ಆದರೆ ಆ ವರ್ಷದ ಸ್ಪರ್ಧೆಯನ್ನು ಗೆದ್ದವನು ಈ ಲಪೀಜನೇ! ಇಳಿದು ತಳ್ಳುವುದು ಸೋಲಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕನ್ನಡನಾಡಿನ ತರುಣರಿಗೂ ಇಂಥ ಹಂಬಲ ಹೊಸದಲ್ಲ. 2008ರಲ್ಲಿ ಆರಂಭವಾದ ನೀಲಗಿರಿ ಬೈಸಿಕಲ್ ಪ್ರವಾಸದ ಸವಾರರು ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಹಟ್ಟಿ ಘಟ್ಟದ 36 ತಿರುವುಗಳಲ್ಲಿ ತಮ್ಮ ಕಾಲುಗಳ ಕಸುವನ್ನು ಒರೆಹಚ್ಚಿದ್ದಾರೆ. ಅಲ್ಲಿ ಗೆದ್ದವನ ಕಣ್ಣು ಸಹಜವಾಗಿಯೇ ಹಿಮಾಲಯದತ್ತ ಹೊರಳುತ್ತದೆ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ 5,300 ಮೀಟರಿಗೂ ಎತ್ತರದ ತಂಗ್ಲಾಂಗ್ ಲಾ ಕಣಿವೆದಾರಿ ಉಂಟು. ಅಲ್ಲಿ ಗಾಳಿಯ ಒತ್ತಡ ಕಡಲತೀರದ ಅರ್ಧಕ್ಕಿಂತ ತುಸುವೇ ಹೆಚ್ಚು; ಉಸಿರೊಂದಕ್ಕೆ ದೊರೆಯುವ ಆಮ್ಲಜನಕವೂ ಅಷ್ಟೇ ಇಳಿದಿರುತ್ತದೆ. ಇಲ್ಲಿ ತೋಳ್ಬಲ ಕಾಲ್ಬಲಗಳು ರಕ್ಷಣೆಯಲ್ಲ. ಗಟ್ಟಿಮುಟ್ಟಾದ ತರುಣನೇ ಬೇಗಬೇಗನೆ ಏರಿ ಅಪಾಯಕ್ಕೆ ಸಿಲುಕುವುದುಂಟು.

ಆದುದರಿಂದ 3,000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಸ್ಥಳವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಪಡೆಯಬೇಕು. ತಲೆನೋವು, ವಾಕರಿಕೆ ತೋರಿದರೆ ಅಲ್ಲಿಯೇ ನಿಲ್ಲತಕ್ಕದ್ದು. ಕುಳಿತಲ್ಲಿಯೇ ಏದುಸಿರು, ತಡವರಿಸುವ ನಡಿಗೆ, ಮಂಕುಬಡಿದ ಬುದ್ಧಿ ಕಂಡುಬಂದರೆ ಬೆಳಗಾಗುವವರೆಗೂ ಕಾಯದೆ ಕೆಳಗಿಳಿಸಬೇಕು. ಇಳಿಯುವುದೇ ಅದಕ್ಕೆ ಮೊದಲ ಮದ್ದು. ಜೊತೆಗಾರನ ಹುಸಿ ಅಭಿಮಾನಕ್ಕೆ ಕಿವಿಗೊಡುವ ಹೊತ್ತು ಅದಲ್ಲ.

ಶಿಖರ ಮುಟ್ಟಿದಾಕ್ಷಣ ಪ್ರಯಾಸ ಮುಗಿಯಿತೆಂಬುದೂ ಭ್ರಮೆ. ಏರುವಾಗ ಕೂಡಿಟ್ಟ ಶಕ್ತಿಯ ಬಹುಪಾಲನ್ನು ಇಳಿಯುವಾಗ ಬ್ರೇಕುಗಳು ಶಾಖವಾಗಿ ಕಳೆಯಬೇಕು. ಬ್ರೇಕನ್ನು ಒಂದೇ ಸಮನೆ ಹಿಡಿದರೆ ಗಾಲಿಯ ಅಂಚು ಕಾಯ್ದು ಟ್ಯೂಬು ಸಿಡಿಯುವ ಭಯವುಂಟು. ತಿರುವಿಗೆ ಮುನ್ನ ಬಿಗಿಹಿಡಿದು, ಆಮೇಲೆ ಸಡಿಲಿಸಿ, ಆಗಾಗ ನಿಂತು ಗಾಲಿ ತಣಿಯಲು ಬಿಡುವುದು ಜಾಣತನ.

ಮಗನೋ ಮಗಳೋ ಇಂಥ ಯಾತ್ರೆಯ ಮಾತೆತ್ತಿದೊಡನೆ ತಂದೆತಾಯಿಯರ ಎದೆ ನಡುಗುವುದು ಸಹಜ. ಬೇಡವೆಂದು ಬಾಗಿಲು ಹಾಕುವುದಕ್ಕಿಂತ, ಎಷ್ಟು ದಿನಗಳಲ್ಲಿ ಏರುವೆ, ಜೊತೆಗೆ ಯಾರಿದ್ದಾರೆ, ಎಲ್ಲಿಂದ ಹಿಂದಿರುಗಬಲ್ಲೆ ಎಂಬ ಮೂರು ಪ್ರಶ್ನೆ ಕೇಳುವುದು ಮೇಲು. ಮೂರನೆಯದಕ್ಕೆ ಉತ್ತರವುಳ್ಳವರನ್ನು ಧೈರ್ಯವಾಗಿ ಕಳುಹಿಸಬಹುದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದರು ಹಿರಿಯರು. ಹತ್ತಿರ ಹೋದವನಿಗೆ ಅದರ ಒರಟುತನ ಕಾಣುತ್ತದೆ; ಅದನ್ನು ಕಂಡು, ಬೇಕಾದಾಗ ಬೈಸಿಕಲ್ಲನ್ನು ಮನೆಯ ಕಡೆಗೆ ತಿರುಗಿಸಲು ಕಲಿತವನೇ ಮರುವರ್ಷ ಮತ್ತೆ ಏರಬಲ್ಲವನು.