ಒಂದು ನಕ್ಷತ್ರದ ಬೈಗುಳ

ಹಿಂಜವಡಿಯ ಬಾಡಿಗೆ ಮನೆಯಲ್ಲೋ ಹಡಪ್ಸರಿನ ಕಟ್ಟಡ ಕೆಲಸದ ಶೆಡ್ಡಿನಲ್ಲೋ ಇರುವ ಕನ್ನಡಿಗನ ಫೋನಿಗೆ ಬೆಳಗಾದರೆ ಸುದ್ದಿ ಆ್ಯಪ್‌ನ ನೋಟಿಫಿಕೇಶನ್‌ಗಳು ಸಾಲಾಗಿ ಬಂದು ಬೀಳುತ್ತವೆ. ನಟಿಯೊಬ್ಬಳು ಏನು ಮಾಡಿದಳು ಗೊತ್ತಾ ಎಂಬ ತಲೆಬರಹ. ಒತ್ತಿದರೆ ಜಾಹೀರಾತು, ಅದನ್ನು ದಾಟಿದರೆ ನಾಲ್ಕು ಸಾಲು, ಆ ನಾಲ್ಕು ಸಾಲಿನಲ್ಲಿ ನಟಿ ಏನೂ ಮಾಡಿರುವುದಿಲ್ಲ. ರೇಗಿದವನು ಪ್ಲೇ ಸ್ಟೋರಿಗೆ ಹೋಗಿ ಒಂದು ನಕ್ಷತ್ರ ಕೊಟ್ಟು, ನಾಲ್ಕು ಮಾತು ಬೈದು ಬರುತ್ತಾನೆ. ಉತ್ತರವೂ ಬರುತ್ತದೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ: ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳಿ.

ಸಾಂಬಾರು ಹಳಸಿದೆ ಎಂದವನ ಮುಂದೆ ತಟ್ಟೆ ತೊಳೆದು ತಂದಿಟ್ಟ ಹಾಗಾಯಿತು ಇದು.

ಈ ನಕ್ಷತ್ರಗಳು ಒಂದು ಕಾಲಕ್ಕೆ ಸರಿಯಾದ ಅಳತೆಯೇ ಆಗಿದ್ದವು. ಕಂಪ್ಯೂಟರಿನ ಮೇಲೆ ಕನ್ನಡ ಮೂಡಿಸುವ ಕಷ್ಟ ಪುಣೆಗೆ ಚೆನ್ನಾಗಿ ಗೊತ್ತು. ಸಿ-ಡ್ಯಾಕ್‌ನ ಜಿಸ್ಟ್ ತಂಡ ಕೆಲಸ ಮಾಡಿದ್ದು ಇಲ್ಲಿ. ಡಿಟಿಪಿ ಅಂಗಡಿಗಳೆಲ್ಲ ಬಳಸಿದ ಶ್ರೀಲಿಪಿಯನ್ನು ತಂದ ಮಾಡ್ಯುಲರ್ ಇನ್ಫೋಟೆಕ್ ಇರುವುದೂ ಇಲ್ಲೇ. ಇಸ್ಕಿ ಎಂಬ ಮಾನಕ 1991ರಲ್ಲೇ ಬಂದಿದ್ದರೂ ಫಾಂಟು ಮಾರುವವರು ತಮ್ಮ ತಮ್ಮ ಸಂಕೇತಗಳನ್ನೇ ಹಿಡಿದುಕೊಂಡರು. ಒಂದು ಫಾಂಟಿನಲ್ಲಿ ಟೈಪಾದ ಕನ್ನಡ ಇನ್ನೊಂದು ಯಂತ್ರದಲ್ಲಿ ತೆರೆದರೆ ಚಿತ್ರವಿಚಿತ್ರ ಗುರುತುಗಳಾಗುತ್ತಿತ್ತು. ಫೋನಿನಲ್ಲಂತೂ ಡಬ್ಬಿಗಳ ಸಾಲು. 2009ರಲ್ಲಿ ನೋಕಿಯಾ ಬಿಟ್ಟು ಬಂದ ಇಬ್ಬರು ಕಟ್ಟಿದ ನ್ಯೂಸ್‌ಹಂಟ್, ಭಾರತೀಯ ಭಾಷೆಗಳ ಪತ್ರಿಕೆಗಳನ್ನು ಸಿಂಬಿಯನ್ ಫೋನಿನ ಪುಟ್ಟ ಪರದೆಗೆ ತಂದಿತು. ಅಂಥ ಹೊತ್ತಿನಲ್ಲಿ ಒತ್ತಕ್ಷರ ಒತ್ತಕ್ಷರವಾಗಿಯೇ ಕಂಡಿತು ಎಂಬುದಕ್ಕೆ ಐದು ನಕ್ಷತ್ರ ಕೊಡುವುದರಲ್ಲಿ ತಪ್ಪೇನಿತ್ತು? ಅಳೆಯುತ್ತಿದ್ದುದು ಒಂದು ಉಪಕರಣವನ್ನು. ಸುದ್ದಿಗೆ ಪತ್ರಿಕೆ ಜವಾಬ್ದಾರಿ, ಅಕ್ಷರಕ್ಕೆ ಆ್ಯಪ್ ಜವಾಬ್ದಾರಿ.

2015ರಲ್ಲಿ ನ್ಯೂಸ್‌ಹಂಟ್ ಡೈಲಿಹಂಟ್ ಆಯಿತು. ಹೆಸರು ಬದಲಾದದ್ದು ದೊಡ್ಡ ಸಂಗತಿಯಲ್ಲ. ಈ ಬಗೆಯ ಆ್ಯಪ್‌ಗಳ ಕಸುಬೇ ಬದಲಾಯಿತು. ಯಾವ ಸುದ್ದಿ ಮೇಲೆ ಬರಬೇಕು, ಯಾವುದು ನೋಟಿಫಿಕೇಶನ್ ಆಗಿ ಕಿಸೆಯಲ್ಲಿ ಗುಂಯ್ ಎನ್ನಬೇಕು ಎಂದು ಈಗ ಆರಿಸುವುದು ಆ್ಯಪ್. ಅದು ಸಂಪಾದಕನ ಕೆಲಸ. ಕೆಲಸ ಮಾತ್ರ ಬಂತು, ಹೆಸರು ಬರಲಿಲ್ಲ. ಓದುಗನೂ ಓದುಗನಾಗಿ ಉಳಿಯಲಿಲ್ಲ, 'ಬಳಕೆದಾರ'ನಾದ. ಪ್ರಜಾವಾಣಿಯ ವಾಚಕರ ವಾಣಿಗೆ ಬರೆದವನ ಹೆಸರಿನ ಪಕ್ಕದಲ್ಲಿ ಅವನ ಊರೂ ಇರುತ್ತದೆ, ಅವನು ತಕರಾರು ಎತ್ತಿದ ಸುದ್ದಿ ಯಾವುದೆಂಬುದೂ ಇರುತ್ತದೆ. ಪ್ಲೇ ಸ್ಟೋರಿನಲ್ಲಿ ಬ್ಯಾಟರಿ ತಿನ್ನುತ್ತದೆ ಎಂದವನೂ, ಸುಳ್ಳು ಹರಡಿದ್ದೀರಿ ಎಂದವನೂ, ನಮ್ಮ ಪಕ್ಷವನ್ನು ಬೈದಿರಿ ಎಂದವನೂ ಒಂದೇ ನಕ್ಷತ್ರದ ಕೆಳಗೆ ನಿಂತಿರುತ್ತಾರೆ.

ನಕ್ಷತ್ರ ಇಳಿದರೆ ಕಂಪನಿಗೆ ಬಿಸಿ ಮುಟ್ಟುತ್ತದಲ್ಲ ಎಂದು ವಾದಿಸುವವರಿದ್ದಾರೆ. 2020ರ ಮೇ ತಿಂಗಳಲ್ಲಿ ಟಿಕ್‌ಟಾಕ್ ಮೇಲೆ ಮುಗಿಬಿದ್ದವರು ಅದರ ರೇಟಿಂಗನ್ನು ಒಂದೂಚಿಲ್ಲರೆಗೆ ಇಳಿಸಿದರು. ಗೂಗಲ್ ಲಕ್ಷಗಟ್ಟಲೆ ವಿಮರ್ಶೆಗಳನ್ನು ಅಳಿಸಿತು, ರೇಟಿಂಗ್ ಮತ್ತೆ ಮೇಲೆ ಬಂತು. ಗುಂಪುಗೂಡಿ ಬೈದರೆ ಅಳಿಸಿ ಹಾಕುತ್ತಾರೆ, ಒಂಟಿಯಾಗಿ ಬೈದರೆ ವಿಷಾದಿಸುತ್ತಾರೆ.

ಪುಣೆಯ ಕನ್ನಡಿಗನಿಗೆ ಇನ್ನೊಂದು ತಾಪತ್ರಯವಿದೆ. ಭಾಷೆ ಕನ್ನಡ ಎಂದು ಒತ್ತಿದರೆ ಊರುಗಳ ಪಟ್ಟಿ ಸಾಮಾನ್ಯವಾಗಿ ಬೀದರಿನಲ್ಲಿ ಶುರುವಾಗಿ ಚಾಮರಾಜನಗರಕ್ಕೆ ಮುಗಿಯುತ್ತದೆ. ಪುಣೆ ಬೇಕೆಂದರೆ ಮರಾಠಿ ಆರಿಸಬೇಕು. 2024ರ ಜುಲೈ 25ರಂದು ಖಡಕವಾಸಲಾದಿಂದ ನೀರು ಬಿಟ್ಟಾಗ ಮುಠಾ ನದಿ ಉಕ್ಕಿ ಸಿಂಹಗಡ ರಸ್ತೆಯ ಏಕತಾ ನಗರಿಗೆ ನುಗ್ಗಿತು. ಆ ಬೆಳಿಗ್ಗೆ ಕನ್ನಡ ಬಿಟ್ಟು ಬೇರೆ ಲಿಪಿ ಓದಲಾಗದ ಕೂಲಿಯವನಿಗೆ ಬೇಕಿದ್ದುದು ಒಂದೇ ಸಾಲು: ಯಾವ ರಸ್ತೆ ಮುಚ್ಚಿದೆ. ಅಣೆಕಟ್ಟಿನಿಂದ ಬಿಟ್ಟ ನೀರು ಮುಂದೆ ಭೀಮೆ ಸೇರಿ, ಉಜನಿ ಹಾಯ್ದು, ಇಂಡಿ, ಅಫಜಲಪುರದ ಹೊಲಗಳ ತನಕ ಬರುತ್ತದೆ. ಹೊಳೆ ದಾಟುವ ಗಡಿಯನ್ನು ಸುದ್ದಿಯ ಪಟ್ಟಿ ದಾಟುವುದಿಲ್ಲ. ಈ ಕೊರತೆಯನ್ನು ಐದು ನಕ್ಷತ್ರಗಳ ಯಾವ ಮೂಲೆಯಲ್ಲಿ ಬರೆಯಬೇಕು?

ಕಾನೂನು ಇಲ್ಲವೇ ಎಂದರೆ, ಇದೆ, ಅರ್ಧ. 1867ರ ಪತ್ರಿಕಾ ಕಾಯ್ದೆಯಡಿ ಪತ್ರಿಕೆಯ ಪ್ರತಿಯೊಂದು ಪ್ರತಿಯಲ್ಲೂ ಸಂಪಾದಕರ ಹೆಸರು ಅಚ್ಚಾಗಬೇಕಿತ್ತು. 2021ರ ಐಟಿ ನಿಯಮಗಳು ಸುದ್ದಿ ಒಟ್ಟುಗೂಡಿಸುವವರನ್ನೂ ಪ್ರಕಾಶಕರ ಸಾಲಿಗೆ ಸೇರಿಸಿ, ದೂರು ಕೇಳಲು ಅಧಿಕಾರಿ ಇರಬೇಕು, ಹದಿನೈದು ದಿನದಲ್ಲಿ ತೀರ್ಮಾನ ಹೇಳಬೇಕು ಎಂದವು. ಆದರೆ ಆ ಏಣಿಯ ತುದಿಯಲ್ಲಿ ಸರಕಾರವೇ ಕೂತಿತ್ತು. ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟ್ ನೀತಿಸಂಹಿತೆಯ ಪಾಲನೆಗೂ ಮೂರು ಹಂತದ ವ್ಯವಸ್ಥೆಗೂ ತಡೆ ಕೊಟ್ಟಿತು, ಕೊಡಬೇಕಾದದ್ದೇ. ಸರಕಾರ ಸಂಪಾದಕನ ಕುರ್ಚಿಯಲ್ಲಿ ಕೂರಬಾರದು. ಹಾಗೆಂದು ಕುರ್ಚಿ ಖಾಲಿ ಇರಲಿ ಎಂದು ಯಾವ ನ್ಯಾಯಾಲಯವೂ ಹೇಳಿಲ್ಲ.

ಪುಕ್ಕಟೆ ಓದುವವನಿಗೆ ಇಷ್ಟೆಲ್ಲ ಯಾಕೆ ಎಂಬ ಮಾತು ಬರುತ್ತದೆ. ಪುಕ್ಕಟೆಯೇನಲ್ಲ, ಜಾಹೀರಾತು ನೋಡಿ ಅವನು ದಿನಾ ಕಪ್ಪ ಕಟ್ಟುತ್ತಿದ್ದಾನೆ, ಡೇಟಾ ಖರ್ಚೂ ಅವನದೇ. ಅದಕ್ಕೆ ಪ್ರತಿಯಾಗಿ ಕನ್ನಡ ವಿಭಾಗಕ್ಕೆ ಹೊಣೆಯಾದವರ ಹೆಸರು ಆ್ಯಪ್‌ನಲ್ಲೇ ಕಾಣಬೇಕು. ಭಾಷೆ ಒಂದು, ಊರು ಇನ್ನೊಂದು ಎಂದು ಬೇರೆ ಬೇರೆ ಆರಿಸಲು ಬಿಡಬೇಕು. ಮೂರನೆಯದು ಪತ್ರಿಕೆಗಳಿಗೆ ಯಾವತ್ತೂ ಸಾಧ್ಯವಿರಲಿಲ್ಲ: ಸೋಮವಾರದ ತಪ್ಪು ಓದಿದವನೇ ಮಂಗಳವಾರದ ಒಳಪುಟದ ತಿದ್ದುಪಡಿಯನ್ನೂ ಓದುತ್ತಾನೆಂಬ ಖಾತ್ರಿ ಅವಕ್ಕಿಲ್ಲ. ಯಾವ ಯಾವ ಫೋನಿಗೆ ಸುಳ್ಳು ಸುದ್ದಿ ಹೋಯಿತೆಂಬ ಲೆಕ್ಕ ಆ್ಯಪ್‌ನ ಬಳಿ ಇರುತ್ತದೆ. ಅದೇ ಫೋನುಗಳಿಗೆ, ಅದೇ ಸದ್ದಿನೊಂದಿಗೆ, ತಿದ್ದುಪಡಿಯನ್ನೂ ಕಳಿಸಲಿ.