ಮೊಬೈಲಿಗೆ ದಾರಿ ಹೇಳುವವರಾರು?

ಕಳೆದ ವರ್ಷ ಎನ್.ಎಸ್.ಎಸ್. ಶಿಬಿರಕ್ಕೆಂದು ಮಲೆನಾಡಿನ ಹಳ್ಳಿಯೊಂದಕ್ಕೆ ಹೋಗಿದ್ದಾಗ ನಾವು ನಾಲ್ವರು ಸಂಜೆಯ ಹೊತ್ತಿನಲ್ಲಿ ಕಾಡುದಾರಿ ತಪ್ಪಿದೆವು. ಮಿತ್ರನೊಬ್ಬ ಮೊಬೈಲನ್ನು ತೆಗೆದು ನೋಡಿ, “ನೆಟ್‌ವರ್ಕೇ ಇಲ್ಲ, ಇನ್ನು ಇದು ಜಾಗ ತೋರಿಸಿದ ಹಾಗೆಯೇ!” ಎಂದು ಜೇಬಿಗಿಟ್ಟುಕೊಂಡ. ನಾವೂ ಅದನ್ನೇ ನಂಬಿದೆವು. ಸೌದೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ದಾರಿ ತೋರಿಸಿದುದರಿಂದ ಕತ್ತಲಾಗುವ ಮುನ್ನ ಊರು ಸೇರಿದೆವು. ನಮ್ಮ ನಂಬಿಕೆ ತಪ್ಪೆಂಬುದು ಅನಂತರ ಓದಿ ತಿಳಿದಾಗ ನನಗೆ ನಾಚಿಕೆಯಾಯಿತು. ವಿಷಯ ವಿಜ್ಞಾನದ್ದಾದರೂ ಕಲಾ ವಿದ್ಯಾರ್ಥಿಗಳಾದ ನಾವೂ ಇದನ್ನು ಅರಿತಿರಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಆಕಾಶದ ಮಾತು. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ನಮ್ಮ ಮೇಲೆ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿವೆ. ಅವು ನಮ್ಮನ್ನು ನೋಡುತ್ತಿವೆಯೆಂದು ಹಲವರ ಎಣಿಕೆ. ಹಾಗೇನೂ ಇಲ್ಲ, ನಾವು ಇದ್ದೇವೆಂಬುದೇ ಅವಕ್ಕೆ ತಿಳಿಯದು. “ನಾನು ಇಂಥ ಉಪಗ್ರಹ, ಈಗಿನ ವೇಳೆ ಇಷ್ಟು, ನಾನು ಸಾಗುವ ದಾರಿ ಇದು” ಎಂದು ಡಂಗುರದವನಂತೆ ಅವು ಸಾರುತ್ತಲೇ ಇರುತ್ತವೆ. ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ವೇಗದ ಆ ಅಲೆ ಬಂದು ತಲಪಲು ಎಷ್ಟು ಹೊತ್ತು ಹಿಡಿಯಿತೆಂಬುದರಿಂದ ಮೊಬೈಲು ದೂರವನ್ನು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ತಾನಿರುವ ಸ್ಥಳವೂ ತನ್ನ ಗಡಿಯಾರದ ತಪ್ಪೂ ಒಟ್ಟಿಗೇ ಗೊತ್ತಾಗುತ್ತವೆ.

ತೊಡಕಿರುವುದು ನಿಧಾನದಲ್ಲಿ. ಉಪಗ್ರಹವು ತನ್ನ ಸಂದೇಶವನ್ನು ಸೆಕೆಂಡಿಗೆ ಕೇವಲ ೫೦ ಬಿಟ್‌ಗಳಂತೆ ಕಳುಹಿಸುತ್ತದೆ. ತನ್ನ ದಾರಿಯ ವಿವರವನ್ನು ಹೇಳುವ ಒಂದು ಸುತ್ತಿಗೆ ೩೦ ಸೆಕೆಂಡು. ಎಲ್ಲ ಉಪಗ್ರಹಗಳ ಪಂಚಾಂಗವನ್ನು ಪೂರ್ತಿ ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ. ನಡುವೆ ಮರವೋ ಗೋಡೆಯೋ ಅಡ್ಡ ಬಂದು ಮಾತು ಕಡಿದರೆ ಮುಂದಿನ ಸುತ್ತಿಗೆ ಕಾಯಬೇಕು.

ಇಲ್ಲಿಯೇ ಟವರು ನೆರವಿಗೆ ಬರುವುದು. ಈ ವಿವರಗಳನ್ನೆಲ್ಲ ಮೊದಲೇ ಸಿದ್ಧವಾಗಿಟ್ಟುಕೊಂಡಿರುವ ಕಂಪ್ಯೂಟರೊಂದು, “ನೀನು ಇಂಥ ಟವರಿನ ಬಳಿ ಇದ್ದೀಯೆ, ನಿನ್ನ ತಲೆಯ ಮೇಲೆ ಈಗ ಇಂಥಿಂಥ ಉಪಗ್ರಹಗಳಿವೆ” ಎಂದು ಟವರಿನ ಮೂಲಕ ಮೊಬೈಲಿಗೆ ತಿಳಿಸುತ್ತದೆ. ಹುಡುಕಾಟ ಕಡಮೆಯಾಗಿ ಕೆಲವೇ ಸೆಕೆಂಡುಗಳಲ್ಲಿ ಸ್ಥಳ ಸಿಗುತ್ತದೆ. ಇದೇ ನೆರವಿನ ಜಿ.ಪಿ.ಎಸ್. ತುರ್ತು ಕರೆ ಬಂದ ಮೊಬೈಲು ಎಲ್ಲಿದೆಯೆಂಬುದನ್ನು ಕಂಪನಿಗಳು ತಿಳಿಸಬೇಕೆಂದು ಅಮೆರಿಕದಲ್ಲಿ ೧೯೯೬ರಲ್ಲಿ ಮಾಡಿದ ನಿಯಮ ಈ ವಿದ್ಯೆ ಬೆಳೆಯಲು ಒಂದು ದೊಡ್ಡ ಕಾರಣ. ಪ್ರಾಣಾಪಾಯದಲ್ಲಿರುವವನಿಗೆ ನಿಮಿಷಗಟ್ಟಲೆ ಕಾಯುವ ವ್ಯವಧಾನವೆಲ್ಲಿ?

ಆದರೆ ನೆರವೇ ಮೂಲವಲ್ಲ. ಟವರಿಲ್ಲದ ಕಡೆಯಲ್ಲಿಯೂ ಉಪಗ್ರಹಗಳು ಸಾರುತ್ತಲೇ ಇರುತ್ತವೆ. ಅಂದು ನಾವು ಮರಗಳ ಸಂದಿಯಿಂದ ಬಯಲಿಗೆ ಬಂದು, ಮೊಬೈಲನ್ನು ಕೈಯಲ್ಲಿ ಹಿಡಿದು ಕೆಲವು ನಿಮಿಷ ಕಾದಿದ್ದರೆ ಅಕ್ಷಾಂಶ ರೇಖಾಂಶಗಳಾದರೂ ಸಿಗಬಹುದಿತ್ತು. ಹೊರಡುವ ಮುನ್ನವೇ ನಕ್ಷೆಯನ್ನು ಇಳಿಸಿಕೊಂಡಿದ್ದರೆ ನಾವು ನಿಂತ ಜಾಗವೂ ಅದರಲ್ಲಿ ಕಾಣಬಹುದಿತ್ತು. ನಮಗೆ ಇಲ್ಲದಿದ್ದುದು ಯಂತ್ರವಲ್ಲ, ತಿಳಿವಳಿಕೆ.

“ಊರೂರಿಗೂ ಟವರು ಬಂದರೆ ಈ ತಿಳಿವಳಿಕೆ ಏಕೆ?” ಎಂದು ಕೆಲವರು ಕೇಳಬಹುದು. ಟವರು ಬರಲಿ, ಬೇಕೇ ಬೇಕು. ತಾನೆಲ್ಲಿರುವೆನೆಂದು ತಿಳಿಯುವುದು ಬೇರೆ, ಅದನ್ನು ಇನ್ನೊಬ್ಬರಿಗೆ ತಿಳಿಸುವುದು ಬೇರೆ. ೧೧೨ಕ್ಕೆ ಕರೆ ಹೋಗಬೇಕಾದರೆ ಟವರು ಬೇಕು. ಕಾಡಂಚಿನ ಹಳ್ಳಿಯ ಬಾಣಂತಿಗೆ ನೆರವು ಹೆಚ್ಚು ಬೇಕಾಗುವ ಕಡೆಯಲ್ಲಿಯೇ ಅದು ಕಡಮೆಯಿರುವುದು ನಮ್ಮ ಸಮಾಜದ ಕುಂದು. ಅದನ್ನು ಕೇಳಿ ಪಡೆಯುವುದು ಓದಿದವರ ಕರ್ತವ್ಯ. ಆದರೆ ಟವರು ಬರುವವರೆಗೆ, ಬಂದದ್ದು ಮಳೆಗಾಳಿಗೆ ಕೆಟ್ಟು ನಿಂತಾಗ, ಗತಿ ಏನು?

ಆದುದರಿಂದ ನನ್ನದೊಂದು ಸಣ್ಣ ಸಲಹೆ. ಶಿಬಿರಕ್ಕೆ ಹೊರಡುವ ಮುನ್ನ ಭೂಗೋಳದ ಅಧ್ಯಾಪಕರು ಒಂದು ಗಂಟೆಯ ಕಾಲ ಈ ವಿಷಯವನ್ನು ಹೇಳಿಕೊಡಲಿ. ನಾವು ಕಲಿತು ಹಳ್ಳಿಯವರಿಗೂ ಹೇಳೋಣ. ನೆರವು ಸಿಕ್ಕಾಗ ಸಂತೋಷದಿಂದ ಪಡೆಯೋಣ. ಸಿಗದಾಗ ಕೈಚೆಲ್ಲದೆ ಬಯಲಿಗೆ ಬಂದು ಕಾಯೋಣ.